ಗಂಡು ಮಗುವಿನ ತಾಯಿಯಾಗಿ ಪೋಕ್ಸೋ ನ್ಯಾಯಾಲಯದವರೆಗೆ

“ಗಂಡು ಹುಡುಗನಿಗೂ ಈ ಕಾನೂನು ಅನ್ವಯಿಸುತ್ತದೆಯೇ?” ಈ ಪ್ರಶ್ನೆಯನ್ನು ನೆಂಟರು ಕೇಳಿದ್ದಾರೆ, ಠಾಣೆಯಲ್ಲಿ ದೂರು ಬರೆದುಕೊಳ್ಳಲು ಕುಳಿತವರು ಕೇಳಿದ್ದಾರೆ, ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವಲ್ಲಿಯೂ ಕೇಳಿದ್ದಾರೆ. ಅನ್ವಯಿಸುತ್ತದೆ. ಎಲ್ಲರೂ ಪೋಕ್ಸೋ ಎಂದು ಕರೆಯುವ, ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಕಾಯ್ದೆಗೆ 18 ವರ್ಷ ತುಂಬದ ಪ್ರತಿಯೊಬ್ಬರೂ ಮಗುವೇ. ಗಂಡು, ಹೆಣ್ಣು ಎಂಬ ಭೇದ ಅದರಲ್ಲಿ ಇಲ್ಲ. ಮನೆಯಲ್ಲಿ ಇಂಥ ಸಂಕಟ ಎದುರಾಗಿ, ಈ ಪ್ರಶ್ನೆಯ ಹತ್ತಿರವೇ ನಿಂತುಬಿಟ್ಟ ತಂದೆ ತಾಯಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಳೆದ ತಿಂಗಳು ನಮ್ಮ ಪ್ರಕರಣದ ತೀರ್ಪು ಬಂತು. ಹೆಸರು, ಊರು, ಶಾಲೆ ಯಾವುದನ್ನೂ ಹೇಳುವುದಿಲ್ಲ. ಮಗುವಿನ ಗುರುತು ಹೊರಬರಬಾರದು ಎಂದು ಕಾನೂನು ಹೇಳುತ್ತದೆ. ನನ್ನ ಮಗ ಇದೇ ಊರಿನಲ್ಲಿ ಬೆಳೆಯಬೇಕು ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಾನೂನು ಮಗುವಿಗೆ ಬಹಳಷ್ಟನ್ನು ಕೊಟ್ಟಿದೆ, ಆದರೆ ಅದನ್ನು ಯಾರೂ ತಾವಾಗಿ ತಂದು ಕೈಗಿಡುವುದಿಲ್ಲ. ಬಾಯಿಬಿಟ್ಟು ಕೇಳಬೇಕು. ನಾವು ಕೇಳಿದಾಗಲೆಲ್ಲ ಬಹುಪಾಲು ಸಿಕ್ಕಿದೆ.

2025ರ ವೈಕುಂಠ ಏಕಾದಶಿಯ ಮರುದಿನ, ಶನಿವಾರ. ನಮ್ಮ ಅತ್ತೆ ಹಿಂದಿನ ರಾತ್ರಿ ನೆನೆಹಾಕಿದ್ದ ಅವರೆಕಾಳನ್ನು ಹಿತಕುತ್ತಾ ಕುಳಿತಿದ್ದರು. ಮಗ ಪಕ್ಕದಲ್ಲಿ ಕುಳಿತು ಸಿಪ್ಪೆಯನ್ನು ಒಂದು ಕಡೆ, ಬೇಳೆಯನ್ನು ಪಾತ್ರೆಗೆ ಹಾಕುತ್ತಿದ್ದ. ಅವನಿಗೆ ಆಗ ಹತ್ತು ವರ್ಷ. ಕೆಲವು ವಾರಗಳಿಂದ ಸಂಜೆಯಾದರೆ ಹೊಟ್ಟೆನೋವು ಎನ್ನುತ್ತಿದ್ದ, ಮನೆಪಾಠಕ್ಕೆ ಹೋಗುವುದಿಲ್ಲ ಎಂದು ಹಟ ಹಿಡಿಯುತ್ತಿದ್ದ. ಅಂದು ತಲೆ ಎತ್ತದೆ, ಕೈಕೆಲಸ ಬಿಡದೆ, ಪಾಠ ಹೇಳುವವನು ತನಗೆ ಏನು ಮಾಡುತ್ತಾನೆ ಎಂಬುದನ್ನು ಅಜ್ಜಿಗೆ ಹೇಳಿದ. ಅತ್ತೆ ಕೂಗಾಡಲಿಲ್ಲ, ಮೇಲಿಂದ ಮೇಲೆ ಪ್ರಶ್ನೆ ಹಾಕಲಿಲ್ಲ. “ಹೇಳಿದ್ದು ಒಳ್ಳೆಯದಾಯಿತು ಕಂದ, ನಿನ್ನದೇನೂ ತಪ್ಪಿಲ್ಲ” ಎಂದರು. ಕಾಳು ಮುಗಿಯುವವರೆಗೂ ಅವನ ಜೊತೆಯಲ್ಲೇ ಕುಳಿತಿದ್ದು, ಆಮೇಲೆ ನನ್ನನ್ನು ಹಿತ್ತಲಿಗೆ ಕರೆದರು. ಶಾಲೆಯ ಮೆಟ್ಟಿಲು ಹತ್ತದ ಆ ಹೆಂಗಸು ಅಂದು ಮಾಡಿದ್ದಕ್ಕಿಂತ ಸರಿಯಾದದ್ದನ್ನು ಮುಂದೆ ಯಾವ ಅಧಿಕಾರಿಯೂ ಮಾಡಲಿಲ್ಲ.

ಮಧ್ಯಾಹ್ನವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದೆ. ಹಗಲು ರಾತ್ರಿ ನಡೆಯುವ, ಶುಲ್ಕವಿಲ್ಲದ ಕರೆ ಅದು. ಆ ಕಡೆಯಿಂದ ಮಾತನಾಡಿದ ಹೆಣ್ಣುಮಗಳು ಹೇಳಿದ್ದನ್ನು ಇಲ್ಲಿ ಹಾಗೆಯೇ ಕೊಡುತ್ತೇನೆ. ಮಗುವಿನಿಂದ ಮತ್ತೆ ಮತ್ತೆ ಹೇಳಿಸಬೇಡಿ. ಅವನು ಆಡಿದ ಮಾತನ್ನು ಅವನದೇ ಪದಗಳಲ್ಲಿ, ತಾರೀಖು ಹಾಕಿ ಬರೆದಿಡಿ. ಆ ದಿನ ತೊಟ್ಟಿದ್ದ ಬಟ್ಟೆ ಒಗೆಯದೆ ಉಳಿದಿದ್ದರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕದೆ ಕಾಗದದ ಲಕೋಟೆಯಲ್ಲಿಡಿ. ಆ ಮನುಷ್ಯನ ಮನೆಗೆ ಹೋಗಿ ಜಗಳ ತೆಗೆಯಬೇಡಿ. ಕೊನೆಯದನ್ನು ಪಾಲಿಸುವುದೇ ಬಲು ಕಷ್ಟವಾಯಿತು. ನಮ್ಮ ಮನೆಯವರು ಚಪ್ಪಲಿ ಮೆಟ್ಟಿಕೊಂಡು ಗೇಟಿನವರೆಗೆ ಹೋಗಿಬಿಟ್ಟಿದ್ದರು. ತೋಳು ಹಿಡಿದು ಒಳಕ್ಕೆ ಕರೆತಂದೆ.

ರಾತ್ರಿ ಭಾವನವರು ಬಂದರು. “ಹುಡುಗಿಯಾಗಿದ್ದರೆ ಬೇರೆ ಮಾತು. ಗಂಡು ಹುಡುಗ, ನಾಲ್ಕು ದಿನದಲ್ಲಿ ಮರೆತುಬಿಡುತ್ತಾನೆ. ಊರಿಗೆಲ್ಲ ಗೊತ್ತಾದರೆ ಅವನ ಗತಿ ಏನು?” ಎಂದರು. ಕೇಡು ಬಯಸಿ ಹೇಳಿದ ಮಾತಲ್ಲ, ಮನೆಗಳಲ್ಲಿ ಹಿಂದಿನಿಂದಲೂ ಹೀಗೆಯೇ ಹೇಳಿಕೊಂಡು ಬಂದಿದ್ದಾರೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಲೈಂಗಿಕ ಕಿರುಕುಳಕ್ಕೆ ಒಳಗಾಗಿದ್ದೇವೆ ಎಂದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗಂಡುಮಕ್ಕಳು ಎಂದು ಅದರಲ್ಲಿದೆ. ಅಷ್ಟು ಹುಡುಗರು ಮರೆತಿರಲಿಲ್ಲ, ಅವರನ್ನು ಯಾರೂ ಕೇಳಿರಲಿಲ್ಲ. ಇನ್ನೂ ಒಂದು ವಿಷಯವಿದೆ. ಇಂಥದ್ದು ತಿಳಿದ ಮೇಲೆ ವರದಿ ಮಾಡುವುದು ನಮ್ಮ ಇಷ್ಟಕ್ಕೆ ಬಿಟ್ಟ ಸಂಗತಿಯಲ್ಲ. ಕಾಯ್ದೆಯ 19ನೇ ಕಲಂ ಪ್ರಕಾರ ಅದು ಕರ್ತವ್ಯ. ಮುಚ್ಚಿಟ್ಟರೆ 21ನೇ ಕಲಂ ಅಡಿಯಲ್ಲಿ ಶಿಕ್ಷೆಯಿದೆ. ಭಾವನವರಿಗೆ ಅದನ್ನು ಓದಿ ಹೇಳಿದ ಮೇಲೆ ಅವರು ಸುಮ್ಮನಾದರು. ಮರುದಿನ ಠಾಣೆಗೆ ಕಾರು ತಂದವರೂ ಅವರೇ.

ಮೊದಲು ಹೋದ ಠಾಣೆಯಲ್ಲಿ, ಪಾಠ ನಡೆಯುತ್ತಿದ್ದ ಮನೆ ನಮ್ಮ ಸರಹದ್ದಿಗೆ ಬರುವುದಿಲ್ಲ, ಬೇರೆ ಠಾಣೆಗೆ ಹೋಗಿ ಎಂದರು. ಇದನ್ನು ಕೇಳಿ ಎದ್ದು ಬರಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಅಪರಾಧ ಯಾವ ಸರಹದ್ದಿನಲ್ಲಿ ನಡೆದಿದ್ದರೂ ಮಾಹಿತಿಯನ್ನು ದಾಖಲಿಸಿಕೊಳ್ಳಬೇಕು, ಅದನ್ನು ಸರಿಯಾದ ಠಾಣೆಗೆ ಕಳಿಸುವುದು ಅವರ ಕೆಲಸ. ಜೀರೋ ಎಫ್‌ಐಆರ್ ಎನ್ನುವುದು ಇದಕ್ಕೇ. ಕಲಂ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಅದನ್ನು ಹೇಳಿದಾಗ ಮೇಜಿನ ಆಚೆಯವರು ನನ್ನ ಮುಖ ನೋಡಿ, ಒಳಗೆ ಹೋಗಿ ಯಾರನ್ನೋ ಕೇಳಿ ಬಂದು ಬರೆದುಕೊಂಡರು. ಬರೆದದ್ದನ್ನು ಓದಿ ಹೇಳಿಸಿಕೊಳ್ಳಿ. ನಮ್ಮದರಲ್ಲಿ ಮಗನ ವಯಸ್ಸು ಹನ್ನೆರಡು ಎಂದು ತಪ್ಪಾಗಿ ಬಿದ್ದಿತ್ತು. ಸಣ್ಣ ಕೈತಪ್ಪಿನಂತೆ ಕಾಣಬಹುದು, ಅಲ್ಲ. ಮಗುವಿಗೆ 12 ತುಂಬಿಲ್ಲದಿದ್ದರೆ ಅದೇ ಕೃತ್ಯ ಉಗ್ರ ಸ್ವರೂಪದ ಅಪರಾಧವಾಗುತ್ತದೆ. ನಮ್ಮ ಪ್ರಕರಣಕ್ಕೆ ಅನ್ವಯಿಸಿದ 10ನೇ ಕಲಂನಲ್ಲಿ ಕನಿಷ್ಠ 5, ಗರಿಷ್ಠ 7 ವರ್ಷ ಸಜೆ. ಅಲ್ಲಿಯೇ ತಿದ್ದಿಸಿದೆ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ.

ಮಗುವನ್ನು ಠಾಣೆಗೆ ಕರೆದೊಯ್ಯುವ ಅಗತ್ಯವಿಲ್ಲ. ಹೇಳಿಕೆಯನ್ನು ಮನೆಯಲ್ಲಿಯೇ ಪಡೆಯಿರಿ ಎಂದು ನಾವು ಕೇಳಿದೆವು. ಮಹಿಳಾ ಸಬ್ ಇನ್‌ಸ್ಪೆಕ್ಟರ್ ಮಫ್ತಿಯಲ್ಲಿ, ಚೂಡಿದಾರ ತೊಟ್ಟು ಬಂದರು. ಕಾನೂನೂ ಅದನ್ನೇ ಹೇಳುತ್ತದೆ, ಸಮವಸ್ತ್ರ ಕೂಡದು. ಆಕೆ ಮೊದಲ ಅರ್ಧ ಗಂಟೆ ಅವನ ಸೈಕಲ್ ಬಗ್ಗೆ, ಅದರ ಚೈನು ಬಿದ್ದರೆ ಹೇಗೆ ಹಾಕುವುದು ಎಂಬುದರ ಬಗ್ಗೆಯೇ ಮಾತನಾಡಿದರು. ಆಮೇಲೆ ಅವನು ತಾನಾಗಿ ಹೇಳತೊಡಗಿದ. ಅವನು ಹೇಳಿದ ಪದಗಳನ್ನು ಆಕೆ ಬದಲಿಸಲಿಲ್ಲ, ಮನೆಮಾತಿನಲ್ಲಿ ಹೇಳಿದ್ದನ್ನು ಮನೆಮಾತಿನಲ್ಲಿಯೇ ಬರೆದುಕೊಂಡರು.

ಆಸ್ಪತ್ರೆಯ ದಿನವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಮೊದಲು ಪೊಲೀಸರ ಪತ್ರವಿಲ್ಲದೆ ಮುಟ್ಟುವುದಿಲ್ಲ ಎಂದರು. ತುರ್ತು ಚಿಕಿತ್ಸೆಗೆ ಯಾವ ಪತ್ರವನ್ನೂ ಷರತ್ತಾಗಿ ಕೇಳುವಂತಿಲ್ಲ ಎಂದು 2020ರ ಪೋಕ್ಸೋ ನಿಯಮಗಳಲ್ಲಿದೆ. ಖಾಸಗಿ ಆಸ್ಪತ್ರೆಯೂ ಸೇರಿದಂತೆ ಎಲ್ಲಿಯೇ ಆದರೂ ಚಿಕಿತ್ಸೆ ಉಚಿತ. ಪತ್ರ ಬಂದ ಮೇಲೆ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕೂರಿಸಿದರು. ಕೆಮ್ಮಿನವರು, ಬ್ಯಾಂಡೇಜಿನವರು, ಬಸುರಿಯರು ಎಲ್ಲರೂ ಇದ್ದ ಜಾಗ. ಒಳಗಿನಿಂದ ಒಬ್ಬರು ಬಾಗಿಲಿಗೆ ಬಂದು, “ಆ ಪೋಕ್ಸೋ ಕೇಸು ಯಾರು, ಬನ್ನಿ” ಎಂದು ಕೂಗಿದರು. ಇಡೀ ಬೆಂಚು ತಿರುಗಿ ನೋಡಿತು. ಮಗ ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡ. ಅವನನ್ನು ಏಳಿಸಲಿಲ್ಲ. ಹತ್ತಿರ ಹೋಗಿ ಅವರ ಕಿವಿಗೆ ಮಾತ್ರ ಕೇಳುವಂತೆ, “ಅವನಿಗೊಂದು ಹೆಸರಿದೆ, ಅದನ್ನೂ ಇಲ್ಲಿ ಕೂಗಬೇಡಿ, ಬೇರೆ ಬಾಗಿಲಿದ್ದರೆ ಹೇಳಿ” ಎಂದೆ. ಇತ್ತು. ಹಿಂಬದಿಯ ಬಾಗಿಲಿನಿಂದ ಕರೆದೊಯ್ದರು. ವೈದ್ಯರು ಮಾತ್ರ ಬಹಳ ತಾಳ್ಮೆಯವರು. ಏನು ಪರೀಕ್ಷೆ, ಏಕೆ ಎಂದು ಅವನಿಗೇ ವಿವರಿಸಿ, ಬೇಡವೆನಿಸಿದರೆ ಕೈ ಎತ್ತು, ನಿಲ್ಲಿಸುತ್ತೇನೆ ಎಂದರು. ಉದ್ದಕ್ಕೂ ನಾನು ಪಕ್ಕದಲ್ಲೇ ಇದ್ದೆ, ಅದೂ ಮಗುವಿನ ಹಕ್ಕು. ನೀವು ಹೋಗುವ ಮೊದಲೇ ಒಬ್ಬರು ಒಳಗೆ ಹೋಗಿ, ಪ್ರತ್ಯೇಕವಾಗಿ ಕೂರಲು ಎಲ್ಲಿ ಜಾಗವಿದೆ ಎಂದು ಕೇಳಿಕೊಂಡು ಬನ್ನಿ. ಜಿಲ್ಲಾ ಕೇಂದ್ರಗಳಲ್ಲಿ ‘ಸಖಿ’ ಒನ್ ಸ್ಟಾಪ್ ಕೇಂದ್ರಗಳಿವೆ, ಅವು ಮಹಿಳೆಯರಿಗಾಗಿ ಇರುವವು. ಗಂಡು ಮಗುವಾದರೆ ಸೀದಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಹಿಡಿಯಿರಿ.

ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು. ಆ ಸಮಿತಿಯಿಂದ ಕರೆ ಬಂದಾಗ ನಮ್ಮ ಜೀವ ಬಾಯಿಗೆ ಬಂದಿತ್ತು. ಮಗುವನ್ನು ಬಾಲಮಂದಿರಕ್ಕೆ ಒಯ್ಯುತ್ತಾರೆ ಎಂದು ಯಾರೋ ಹೆದರಿಸಿದ್ದರು. ಅಪರಾಧ ಮಾಡಿದವನು ಅದೇ ಮನೆಯಲ್ಲಿದ್ದಾಗ, ನೋಡಿಕೊಳ್ಳುವವರು ಇಲ್ಲದಿದ್ದಾಗ ಅಂಥ ಪ್ರಶ್ನೆ ಬರುತ್ತದೆ. ನಮ್ಮ ವಿಷಯದಲ್ಲಿ ಬರಲಿಲ್ಲ. ಬಂದದ್ದು ಒಳ್ಳೆಯದೇ. ಬೆಂಬಲ ವ್ಯಕ್ತಿ ಬೇಕೇ ಎಂದು ಕೇಳಿದರು. ತನಿಖೆ ಮತ್ತು ವಿಚಾರಣೆ ಮುಗಿಯುವವರೆಗೆ ಮಗುವಿನ ಜೊತೆಗಿರಲು ಸಮಿತಿ ನೇಮಿಸುವ ವ್ಯಕ್ತಿ ಇವರು, ನಾವು ದುಡ್ಡು ಕೊಡಬೇಕಿಲ್ಲ. ದಯವಿಟ್ಟು ಬೇಡ ಎನ್ನಬೇಡಿ. ಅವರು ತಾವಾಗಿ ಕೇಳದಿದ್ದರೆ ನೀವೇ ಅರ್ಜಿ ಕೊಡಿ. ನಮಗೆ ಸಿಕ್ಕವರು ಸಮಾಜಕಾರ್ಯ ಓದಿದ್ದ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಗ ಅವರನ್ನು ಅಕ್ಕ ಎಂದು ಕರೆಯತೊಡಗಿದ. ವಿಚಾರಣೆಗೆ ಮುಂಚೆ ಒಂದು ಸಂಜೆ ಅವನನ್ನು ಖಾಲಿ ನ್ಯಾಯಾಲಯಕ್ಕೆ ಕರೆದೊಯ್ದು, ಜಡ್ಜ್ ಎಲ್ಲಿ ಕೂರುತ್ತಾರೆ, ನೀನು ಎಲ್ಲಿರುತ್ತೀಯ, ನೀರಿನ ಲೋಟ ಎಲ್ಲಿರುತ್ತದೆ ಎಂದು ತೋರಿಸಿದವರು ಅವರು.

ಹಣದ ವಿಷಯ ಹೇಳಿಬಿಡುತ್ತೇನೆ. ಸರ್ಕಾರಿ ಅಭಿಯೋಜಕರಿಗೆ ನಾವು ಕೊಡುವಂಥದ್ದು ಏನೂ ಇಲ್ಲ. ಸ್ವಂತ ವಕೀಲರು ಬೇಕೆಂದರೆ 40ನೇ ಕಲಂನಲ್ಲಿ ಅವಕಾಶವಿದೆ. ಕಾನೂನು ಸೇವಾ ಪ್ರಾಧಿಕಾರ ಮಕ್ಕಳಿಗೆ ಮತ್ತು ಹೆಂಗಸರಿಗೆ ವರಮಾನ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100. ಆದರೂ ಆಟೋ, ನಕಲು ಪ್ರತಿಗಳು, ಊಟ, ಸಂಬಳವಿಲ್ಲದ ರಜೆಗಳು ಎಲ್ಲ ಸೇರಿ ನಮ್ಮ ಕೈಯಿಂದ 40,000 ರೂಪಾಯಿಯ ಸುತ್ತಮುತ್ತ ಹೋಯಿತು. ತಕ್ಷಣದ ಊಟ, ಬಟ್ಟೆ, ಓಡಾಟಕ್ಕೆ ಮಕ್ಕಳ ಕಲ್ಯಾಣ ಸಮಿತಿ ವಿಶೇಷ ಪರಿಹಾರಕ್ಕೆ ಶಿಫಾರಸು ಮಾಡಬಹುದು, ಶಿಫಾರಸು ತಲುಪಿದ ಒಂದು ವಾರದೊಳಗೆ ಹಣ ಕೊಡಬೇಕು. ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲಾದರೂ ಮಧ್ಯಂತರ ಪರಿಹಾರ ಕೊಡುವ ಅಧಿಕಾರ ವಿಶೇಷ ನ್ಯಾಯಾಲಯಕ್ಕಿದೆ. ಇವೆರಡಕ್ಕೂ ಅರ್ಜಿ ಬರೆಸಿಕೊಟ್ಟವರು ಆ ಅಕ್ಕನೇ.

ನಾವು ನಿರೀಕ್ಷಿಸದೆ ಇದ್ದ ತೊಡಕು ಜನನ ಪ್ರಮಾಣಪತ್ರದ್ದು. ವಯಸ್ಸು ಸಾಬೀತು ಮಾಡಲು ಅದನ್ನು ತೆಗೆದು ನೋಡಿದರೆ ಹೆಸರಿನ ಜಾಗ ಖಾಲಿ. ಹೆರಿಗೆಯಾದ ಆಸ್ಪತ್ರೆಯಿಂದ ನೋಂದಣಿಗೆ ಹೋದಾಗ ಮಗುವಿಗೆ ಹೆಸರಿಟ್ಟಿರಲಿಲ್ಲ. ಬಹಳ ಮನೆಗಳಲ್ಲಿ ಈ ಪತ್ರ ಹೀಗೆಯೇ ಇರುತ್ತದೆ. ಹುಟ್ಟಿದ 15 ವರ್ಷದೊಳಗೆ ವಿಳಂಬ ಶುಲ್ಕ ಕಟ್ಟಿ ಹೆಸರು ಸೇರಿಸಬಹುದು. ಶಾಲೆಯ ದಾಖಲೆ, ತಂದೆ ತಾಯಿಯ ಆಧಾರ್ ಕೊಟ್ಟು ಕಚೇರಿಯಿಂದ ಕಚೇರಿಗೆ ಅಲೆದೆ. ಶಾಲೆಯಲ್ಲಿ ವ್ಯಾಸಂಗ ಪ್ರಮಾಣಪತ್ರ ಕೇಳುವಾಗ ಕಾರಣ ಹೇಳಬೇಕಿಲ್ಲ, ನಾನೂ ಹೇಳಲಿಲ್ಲ.

ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆಯನ್ನು ಈಗ ನಾಗರಿಕ ಸುರಕ್ಷಾ ಸಂಹಿತೆಯ 183ನೇ ಕಲಂ ಅಡಿಯಲ್ಲಿ ಪಡೆಯುತ್ತಾರೆ, ವಕೀಲರ ಬಾಯಲ್ಲಿ ಇನ್ನೂ 164 ಎಂದೇ ಇದೆ. ಬೆಳಿಗ್ಗೆ ಹೋದವರಿಗೆ ಮಧ್ಯಾಹ್ನ ಮೂರರ ಮೇಲೆ ಕರೆ ಬಂತು. ಪೊಲೀಸರನ್ನು ಹೊರಗೆ ಕಳಿಸಿ, ತಮ್ಮ ಕೊಠಡಿಯಲ್ಲಿ ಮೇಡಂ ಅವನೊಂದಿಗೆ ಮಾತನಾಡಿದರು. ತಿನ್ನಲು ಏನಾದರೂ, ಓದಲು ಒಂದು ಪುಸ್ತಕ ಜೊತೆಗಿರಲಿ. ಕಾರಿಡಾರಿನಲ್ಲಿ ಆರೋಪಿಯ ಕಡೆಯವರು ನಿಂತಿರಬಹುದು. ನಮ್ಮ ವಿಷಯದಲ್ಲಿ ನಿಂತಿದ್ದರು. ಪೇದೆಯವರಿಗೆ ಹೇಳಿ ಬೇರೆ ಕೊಠಡಿಯಲ್ಲಿ ಕುಳಿತೆವು.

ಇಂಥ ಪ್ರಕರಣಗಳ ತನಿಖೆ ಎರಡು ತಿಂಗಳೊಳಗೆ ಮುಗಿಯಬೇಕು. ದೋಷಾರೋಪ ಪಟ್ಟಿ ಹೆಚ್ಚುಕಡಿಮೆ ಆ ಹೊತ್ತಿಗೆ ಸಲ್ಲಿಕೆಯಾಯಿತು. ಆದರೆ ಆರೋಪಿಗೆ ಜಾಮೀನು ಸಿಕ್ಕಿತು. ಸಂಜೆ ಹಾಲಿಗೆ ಹೋದ ಮಗ ಬರಿಗೈಯಲ್ಲಿ ಓಡಿಬಂದ, ಅಂಗಡಿಯ ಮುಂದೆ ಅವನು ನಿಂತಿದ್ದನಂತೆ. ಜಾಮೀನು ಅರ್ಜಿ ಬಂದರೆ ಕುಟುಂಬಕ್ಕೆ ತಿಳಿಸಬೇಕು ಎಂದು ನಿಯಮವಿದೆ. ತನಿಖಾಧಿಕಾರಿಯನ್ನು ಮೊದಲೇ ಕೇಳುತ್ತಿರಿ, ಮಗುವಿನ ಮನೆ, ಶಾಲೆಯ ಹತ್ತಿರ ಸುಳಿಯಬಾರದು ಎಂಬ ಷರತ್ತು ಹಾಕಿಸಲು ಅಭಿಯೋಜಕರಿಗೆ ಬರೆದುಕೊಡಿ. ನಾವು ಬರೆದುಕೊಟ್ಟ ಮೇಲೆ ಆ ಷರತ್ತು ಬಂತು, ಅವನು ಬೇರೆ ಊರಿಗೆ ಹೋದ.

ಅದೇ ವಾರ ರಾಜಿಯ ಮಾತು ಶುರುವಾಯಿತು. ಓಣಿಯ ಹಿರಿಯರು ಬಂದು, ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ನಿಮ್ಮ ಹುಡುಗನ ಓದಿಗೆ ಆಗುವಷ್ಟು ಕೊಡಿಸುತ್ತೇವೆ ಎಂದರು. ಪೋಕ್ಸೋ ಪ್ರಕರಣ ರಾಜಿಯಾಗುವಂಥದ್ದಲ್ಲ. ರಾಜಸ್ಥಾನದ ಶಿಕ್ಷಕನೊಬ್ಬನ ಪ್ರಕರಣವನ್ನು, ಎರಡೂ ಕಡೆಯವರು ಒಪ್ಪಿಕೊಂಡಿದ್ದಾರೆ ಎಂದು ಅಲ್ಲಿನ ಹೈಕೋರ್ಟ್ ರದ್ದುಪಡಿಸಿದ್ದನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ತಳ್ಳಿಹಾಕಿತು. ಬಂದವರಿಗೆ ಇದನ್ನೇ ಹೇಳಿ ಕಾಫಿ ಕೊಟ್ಟು ಕಳಿಸಿದೆ. ಅದೇ ಮನೆಪಾಠಕ್ಕೆ ಹೋಗುತ್ತಿದ್ದ ಇನ್ನೊಬ್ಬ ಹುಡುಗನ ತಾಯಿಯೂ ಒಂದು ರಾತ್ರಿ ಬಂದು ಅತ್ತು ಹೋದಳು. ಅವಳು ಠಾಣೆಗೆ ಬರಲಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳು ಒಂಟಿ, ಬಾಡಿಗೆ ಮನೆಯವಳು. ಆದರೆ ಆ ಹುಡುಗನ ಬಗ್ಗೆ ಯೋಚಿಸುವುದು ನನಗೆ ನಿಂತಿಲ್ಲ. ಕೇಳಿದ ಮೇಲೆ ಸುಮ್ಮನಿರುವಂತಿಲ್ಲ ಎಂದು ಅವಳಿಗೆ ತಿಳಿಸಿಯೇ ಮಕ್ಕಳ ರಕ್ಷಣಾ ಘಟಕಕ್ಕೆ ವಿಷಯ ಮುಟ್ಟಿಸಿದೆ. ಅವರು ಆ ಮನೆಗೆ ಹೋಗಿ ಬಂದಿದ್ದಾರೆ.

ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ ದಾಖಲಾಗಬೇಕು, ಒಂದು ವರ್ಷದಲ್ಲಿ ವಿಚಾರಣೆ ಮುಗಿಯಬೇಕು ಎಂದು 35ನೇ ಕಲಂ ಹೇಳುತ್ತದೆ. ಸಾಧ್ಯವಾದಷ್ಟು ಎಂಬ ಮಾತೂ ಅದರಲ್ಲೇ ಇದೆ. ಆ ಸಂದಿಯಲ್ಲಿ ನಮ್ಮ ತಿಂಗಳುಗಳು ಹೋದವು. ಒಮ್ಮೆ ವಕೀಲರು ವಾಯಿದೆ ಕೇಳಿದರು, ಒಮ್ಮೆ ನ್ಯಾಯಾಧೀಶರ ವರ್ಗಾವಣೆಯಾಯಿತು. ಸಮನ್ಸ್ ಬಂದ ಮೊದಲ ದಿನ ಮಗ ಬೆಳಿಗ್ಗೆ ಆರಕ್ಕೇ ಎದ್ದು ತಲೆ ಬಾಚಿಕೊಂಡು ಸಿದ್ಧನಾಗಿದ್ದ. ಏನು ಹೇಳಬೇಕೆಂದು ಯಾರೂ ಕಲಿಸಿರಲಿಲ್ಲ, ನಿಜ ಹೇಳು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನು ಎಂದಷ್ಟೇ ಹೇಳಿದ್ದೆವು. ಸಂಜೆಯವರೆಗೆ ಕೂರಿಸಿ, ಇಂದು ಆಗುವುದಿಲ್ಲ ಎಂದರು. ಮನೆಗೆ ಬಂದವನು ಎರಡು ದಿನ ಯಾರೊಂದಿಗೂ ಮಾತನಾಡಲಿಲ್ಲ. ರಾತ್ರಿ ಹಾಸಿಗೆ ಒದ್ದೆಯಾಗುವುದು ಮತ್ತೆ ಶುರುವಾಯಿತು. ಮಗುವನ್ನು ಪದೇ ಪದೇ ನ್ಯಾಯಾಲಯಕ್ಕೆ ಕರೆಸಬಾರದು ಎಂದು 33ನೇ ಕಲಂನಲ್ಲಿಯೇ ಇದೆ. ಬೆಂಬಲ ವ್ಯಕ್ತಿ ಆ ದಿನದ ಸ್ಥಿತಿಯನ್ನು ಬರೆದು ಅಭಿಯೋಜಕರ ಮೂಲಕ ನ್ಯಾಯಾಲಯಕ್ಕೆ ಸಲ್ಲಿಸಿದರು. ಮುಂದಿನ ಸಲ ಬೆಳಗಿನ ಮೊದಲ ಕೆಲಸವಾಗಿಯೇ ಅವನ ಸಾಕ್ಷ್ಯ ತೆಗೆದುಕೊಂಡರು. ಬೆಂಚ್ ಕ್ಲರ್ಕ್‌ಗೆ ಹಿಂದಿನ ದಿನ ಫೋನ್ ಮಾಡಿ ನ್ಯಾಯಾಧೀಶರು ರಜೆಯಲ್ಲಿಲ್ಲ ಎಂದು ಖಚಿತಪಡಿಸಿಕೊಂಡೇ ಹೊರಡಿ.

ಆ ದಿನ ಅವನ ಪಕ್ಕದಲ್ಲಿ ನಾನು ಇರಲಿಲ್ಲ. ಮಗು ನಂಬುವವರು ಜೊತೆಗಿರಬಹುದು ಎಂದು ಕಾನೂನಿನಲ್ಲಿದೆ, ಆದರೆ ದೂರು ಕೊಟ್ಟ ನಾನೂ ಸಾಕ್ಷಿಯಾದ್ದರಿಂದ ನನ್ನ ಸಾಕ್ಷ್ಯಕ್ಕೆ ಮೊದಲು ಒಳಗೆ ಬಿಡಲಿಲ್ಲ. ನೀವೂ ಸಾಕ್ಷಿಪಟ್ಟಿಯಲ್ಲಿದ್ದರೆ, ಮಗುವಿನ ಜೊತೆ ಯಾರು ಕೂರುತ್ತಾರೆ ಎಂಬುದನ್ನು ವಾರಗಳ ಮೊದಲೇ ತೀರ್ಮಾನಿಸಿ, ಮಗುವಿಗೂ ಹೇಳಿರಿ. ಅಕ್ಕ ಕುಳಿತರು. ಅವನಿಗೆ ಆರೋಪಿ ಕಾಣಿಸದಂತೆ ಬೇರೆ ಕೊಠಡಿಯಲ್ಲಿ ಕೂರಿಸಿ ವಿಡಿಯೊ ಪರದೆಯ ಮೂಲಕ ಮಾತನಾಡಿಸಿದರು. ವಕೀಲರು ನೇರವಾಗಿ ಪ್ರಶ್ನೆ ಹಾಕುವಂತಿಲ್ಲ, ನ್ಯಾಯಾಧೀಶರೇ ಮಗುವಿಗೆ ತಿಳಿಯುವ ಮಾತಿನಲ್ಲಿ ಕೇಳಬೇಕು. ಪಾಟೀಸವಾಲಿನಲ್ಲಿ, ಇದನ್ನೆಲ್ಲ ಹೇಳಲು ಅಮ್ಮ ಕಲಿಸಿಕೊಟ್ಟರಾ ಎಂಬ ಪ್ರಶ್ನೆ ಬಂತಂತೆ. “ಅಮ್ಮನಿಗೆ ಗೊತ್ತೇ ಇರಲಿಲ್ಲ. ನಾನು ಹೇಳಿದ್ದು ಅಜ್ಜಿಗೆ” ಎಂದನಂತೆ. ಅವನ ಸಾಕ್ಷ್ಯದ ಪ್ರತಿಯಲ್ಲಿ ಆ ಸಾಲನ್ನು ಓದಿದಾಗ ನ್ಯಾಯಾಲಯದ ಮೆಟ್ಟಿಲ ಮೇಲೆಯೇ ಕುಳಿತು ಅತ್ತುಬಿಟ್ಟೆ.

ಅತ್ತೆಯವರನ್ನು ತಾರೀಖಿನ ಮೇಲೆ ಬಹಳ ಹೊತ್ತು ಪ್ರಶ್ನಿಸಿದರು. ಅವರಿಗೆ ಇಂಗ್ಲಿಷ್ ತಾರೀಖು ನೆನಪಿರುವುದಿಲ್ಲ. ಏಕಾದಶಿಯ ಮರುದಿನ, ಮನೆಯಲ್ಲಿ ಹಿತಕಿದ ಬೇಳೆ ಸಾರು ಮಾಡಿದ ದಿನ ಎಂದು ಒಂದೇ ಮಾತನ್ನು ಹಿಡಿದು ನಿಂತರು. ಪಂಚಾಂಗಕ್ಕೂ ನಾನು ಅಂದೇ ಬರೆದಿಟ್ಟಿದ್ದ ಹಾಳೆಗೂ ಅದು ತಾಳೆಯಾಯಿತು.

ಮಗನ ಮನಸ್ಸಿನ ಆರೈಕೆಗೆ ತೀರ್ಪಿನವರೆಗೆ ಕಾಯಬೇಡಿ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ನಮಗೆ ನೆರವು ಸಿಕ್ಕಿತು. ರಾತ್ರಿ ಹೊತ್ತಿಗೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲಿ ಮಾತನಾಡುತ್ತಾರೆ. ನಮ್ಮ ಮನೆಯವರೂ ಅದಕ್ಕೆ ಕರೆ ಮಾಡಿದ್ದಾರೆ. ಗಂಡಸರು ಅಳುವುದಕ್ಕೂ ಒಂದು ಜಾಗ ಬೇಕು.

ಐದು ವರ್ಷ ಸಜೆ, ದಂಡ, ಜೊತೆಗೆ ಮಗುವಿಗೆ ಪರಿಹಾರ ಎಂದು ತೀರ್ಪಾಯಿತು. ಮಗ ಕೇಳಿದ್ದು, ಇನ್ನು ಕೋರ್ಟಿಗೆ ಹೋಗಬೇಕಾಗಿಲ್ಲ ಅಲ್ಲವೇ ಎಂದು. ಅವನು ಹೋಗಬೇಕಾಗಿಲ್ಲ. ನಮ್ಮ ಕೆಲಸ ಇನ್ನೂ ಇದೆ. ಪರಿಹಾರದ ಹಣವನ್ನು ಆದೇಶ ತಲುಪಿದ 30 ದಿನದೊಳಗೆ ಸರ್ಕಾರ ಕೊಡಬೇಕು. ಅದಕ್ಕೆ ತೀರ್ಪಿನ ದೃಢೀಕೃತ ಪ್ರತಿ, ಮಗುವಿನ ಹೆಸರಿನ ಬ್ಯಾಂಕ್ ಖಾತೆ, ಆಧಾರ್ ಪ್ರತಿಗಳನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಖಾತೆಯನ್ನು ಮೊದಲೇ ತೆರೆದಿಟ್ಟಿದ್ದರಿಂದ ಓಡಾಟ ಉಳಿಯಿತು. ಶಿಕ್ಷೆಯಾದವನು ಹೈಕೋರ್ಟಿಗೆ ಮೇಲ್ಮನವಿ ಹಾಕುವುದು ಖಂಡಿತ. ನಮ್ಮ ಪರವಾಗಿ ಅಲ್ಲಿಯೂ ಉಚಿತ ವಕೀಲರು ಬೇಕೆಂದು ಹೈಕೋರ್ಟ್ ಕಾನೂನು ಸೇವಾ ಸಮಿತಿಗೆ ಅರ್ಜಿ ಬರೆದಿಟ್ಟುಕೊಂಡಿದ್ದೇನೆ, ನೋಟಿಸ್ ಬಂದ ದಿನವೇ ಕೊಡುತ್ತೇನೆ.